ಬಲೆಯ ಲೆಕ್ಕ, ನೆಲೆಯ ಲೆಕ್ಕ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯಷ್ಟು ಬಡವರ ಹೊಟ್ಟೆ ತುಂಬಿಸಿದ ಮೀನು ಬೇರೊಂದಿಲ್ಲ. ಮಂಗಳೂರು, ಉಡುಪಿಯ ಕಡೆ ಬೂತಾಯಿ, ಉತ್ತರ ಕನ್ನಡದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಎನ್ನಿಸಿಕೊಳ್ಳುವ ಈ ಗೇಣುದ್ದದ ಮೀನು ಒಂದು ವರ್ಷ ದಕ್ಕೆಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಹುಡುಕಿದರೂ ಸಿಗುವುದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಅದು 3,297 ಟನ್ನಿಗೆ ಇಳಿಯಿತು. ಒಂಬತ್ತೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇಲ್ಲವಾಯಿತು. ಮರುವರ್ಷವೇ ಅದು ಮತ್ತೆ ಲಕ್ಷ ಟನ್ ದಾಟಿತು. ಇಂಥ ಏರಿಳಿತ ಬಂದಾಗಲೆಲ್ಲ ಎರಡು ಉತ್ತರಗಳು ಕೇಳಿಬರುತ್ತವೆ. ಬೋಟುಗಳು ಹೆಚ್ಚಾಗಿ ಕಡಲನ್ನು ಬಳಿದು ಹಾಕಿದವು ಎಂಬುದು ಒಂದು, ಕಡಲಿನ ಮನಸ್ಸನ್ನು ಬಲ್ಲವರಾರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ, ಆದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಸುಮಾರು ನೂರು ವರ್ಷಗಳಿಂದ ಮೀನಿನ ಬದುಕನ್ನು ಅಭ್ಯಾಸ ಮಾಡಿದ ಸಾಗರ ಜೀವಶಾಸ್ತ್ರಜ್ಞರ ಕೆಲಸವನ್ನು ಒಟ್ಟಿಗಿಟ್ಟು ನೋಡಿದರೆ ಮೂರನೆಯ ಉತ್ತರವೊಂದು ಸಿಗುತ್ತದೆ. ಮೀನಿನ ಸಂಖ್ಯೆ ಮೊದಲು ತೀರ್ಮಾನವಾಗುವುದು ಅದು ಹುಟ್ಟಿ ಬೆಳೆಯುವ ನೆಲೆಯಲ್ಲಿ, ಬಲೆಯ ಪಾತ್ರ ಬರುವುದು ಆಮೇಲೆ. ನಮ್ಮ ಮೀನುಗಾರಿಕೆಯ ನೀತಿಯಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ಬಲೆ ಮತ್ತು ಬೋಟಿನ ಸುತ್ತಲೇ ತಿರುಗುತ್ತದೆ. ನೆಲೆಯ ಲೆಕ್ಕವನ್ನು ಕೈಬಿಟ್ಟು ಬಲೆಯ ಲೆಕ್ಕವೊಂದನ್ನೇ ಹಿಡಿದರೆ ಮೀನೂ ಉಳಿಯದು, ಮೀನುಗಾರನೂ ಉಳಿಯಲಾರ.

ಈ ಮಾತಿಗೆ ಅಡಿಪಾಯ ಹಾಕಿದವನು ನಾರ್ವೆಯ ಯೋಹಾನ್ ಯೋರ್ಟ್. ಉತ್ತರ ಯುರೋಪಿನ ಹೆರಿಂಗ್ ಮೊದಲಾದ ದೊಡ್ಡ ಮೀನುಗಾರಿಕೆಗಳ ಏರಿಳಿತದ ಬಗ್ಗೆ 1914ರಲ್ಲಿ ಆತ ಪ್ರಕಟಿಸಿದ ಗ್ರಂಥ ಇಂದಿಗೂ ಈ ಶಾಸ್ತ್ರದ ಮೂಲಪಾಠ. ಮರದ ಕಾಂಡದಲ್ಲಿರುವಂತೆ ಮೀನಿನ ಹುರುಪೆಯಲ್ಲೂ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಅದನ್ನು ಎಣಿಸಿ ಸಾವಿರಾರು ಹೆರಿಂಗ್‌ಗಳ ವಯಸ್ಸು ಗುರುತಿಸಿದ ಯೋರ್ಟ್‌ಗೆ ಅಚ್ಚರಿಯ ಸಂಗತಿಯೊಂದು ಕಂಡಿತು. 1904ರಲ್ಲಿ ಹುಟ್ಟಿದ ಒಂದೇ ತಲೆಮಾರು ಮುಂದೆ ಹಲವು ವರ್ಷಗಳ ಕಾಲ ಬಲೆಗಳನ್ನು ತುಂಬಿಸಿತ್ತು, ಅಕ್ಕಪಕ್ಕದ ವರ್ಷಗಳಲ್ಲಿ ಹುಟ್ಟಿದವು ಲೆಕ್ಕಕ್ಕೇ ಇರಲಿಲ್ಲ. ತಾಯಿಮೀನುಗಳು ಪ್ರತಿವರ್ಷವೂ ಮೊಟ್ಟೆ ಇಡುತ್ತವೆ. ಮೊಟ್ಟೆಯೊಡೆದ ಮರಿ ತನ್ನೊಳಗಿನ ಬುತ್ತಿ ಮುಗಿದು ಮೊದಲ ಸಲ ಬಾಯಿ ತೆರೆಯುವ ಹೊತ್ತಿಗೆ ಸುತ್ತಲಿನ ನೀರಿನಲ್ಲಿ ತಕ್ಕ ಆಹಾರವಿದ್ದರೆ ಆ ವರ್ಷದ ಸಂತಾನ ಉಳಿಯುತ್ತದೆ, ಇಲ್ಲವಾದರೆ ಕೆಲವೇ ದಿನಗಳಲ್ಲಿ ಅಳಿಯುತ್ತದೆ ಎಂದು ಯೋರ್ಟ್ ಊಹಿಸಿದ. ಯೋರ್ಟ್ ತಾನೂ ನಂತರದ ವಿಜ್ಞಾನಿಗಳೂ ಈ ಊಹೆಗೆ ಬೇರೆ ಕಾರಣಗಳನ್ನು ಸೇರಿಸಿದ್ದಾರೆ. ಮರಿಗಳನ್ನು ಆಳಕ್ಕೆ ಎಳೆದೊಯ್ಯುವ ಪ್ರವಾಹ, ಅವನ್ನು ತಿನ್ನುವ ಜೀವಿಗಳು, ನೀರಿನ ಬಿಸಿ ಇವೆಲ್ಲ ಅದರಲ್ಲಿ ಸೇರಿವೆ. ಆದರೆ ಮರಿಯ ದಿನಗಳು ಹೇಗೆ ಕಳೆದವು ಎಂಬುದೇ ನಾಳಿನ ಇಳುವರಿಯನ್ನು ಗೊತ್ತುಮಾಡುತ್ತದೆ ಎಂಬ ತಿರುಳು ಹಾಗೆಯೇ ಉಳಿದಿದೆ. ಹಾಗಾಗಿ ಈ ಕ್ಷೇತ್ರದ ವಿಜ್ಞಾನಿಯ ದಿನದ ಕೆಲಸ ಮೀನು ತೂಗುವುದಷ್ಟರಲ್ಲೇ ಮುಗಿಯುವುದಿಲ್ಲ. ದಕ್ಕೆಗೆ ಬಂದ ಮೀನಿನ ಉದ್ದ ಅಳೆಯುವುದು, ಹೊಟ್ಟೆ ಸೀಳಿ ಏನು ತಿಂದಿದೆ ಎಂದು ನೋಡುವುದು, ಮೊಟ್ಟೆಚೀಲ ಎಷ್ಟು ಬಲಿತಿದೆ ಎಂದು ಗುರುತಿಸುವುದು, ತಲೆಯೊಳಗಿನ ಕಿವಿಕಲ್ಲಿನ ಪದರಗಳಿಂದ ಅದು ಬೆಳೆದ ಬಗೆಯನ್ನು ಓದುವುದು, ಇವೆಲ್ಲವನ್ನೂ ಆ ಹೊತ್ತಿನ ಕಡಲ ನೀರಿನ ಉಷ್ಣತೆ, ಉಪ್ಪು, ಆಮ್ಲಜನಕಗಳ ಜೊತೆ ಹೊಂದಿಸಿ ನೋಡುವುದು ಅವರ ವೃತ್ತಿ.

ಬೂತಾಯಿಯ ಮಟ್ಟಿಗೆ ಈ ಕೆಲಸ ನಮ್ಮ ಕರಾವಳಿಯಲ್ಲಿ ಬಹು ಬೇಗ ಶುರುವಾಯಿತು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕಾ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1923ರಷ್ಟು ಹಿಂದೆಯೇ ಬೂತಾಯಿಯ ಜೀವನಚರಿತ್ರೆಯನ್ನು ಮಲಬಾರ್ ಕಡಲಿನ ಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ವಿವರದೊಡನೆ ಬರೆದರು. ಈ ಮೀನಿಗೆ ಆಯಸ್ಸು ಎರಡೂವರೆ, ಮೂರು ವರ್ಷ. ಒಂದು ವರ್ಷ ತುಂಬುವಷ್ಟರಲ್ಲಿ ಪ್ರಾಯಕ್ಕೆ ಬರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ, ಮೊಟ್ಟೆ ಸುಮಾರು ಒಂದೇ ದಿನದಲ್ಲಿ ಒಡೆಯುತ್ತದೆ. ಮುಂಗಾರಿಗೇ ಇದೆಲ್ಲ ಕೂಡಿಬರುವುದಕ್ಕೆ ಕಾರಣವಿದೆ. ಆ ಹೊತ್ತಿನ ಗಾಳಿ ಮತ್ತು ಪ್ರವಾಹಗಳು ದಡದ ಬಳಿಯ ಮೇಲ್ನೀರನ್ನು ಆಚೆ ಸರಿಸುತ್ತವೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಏರಿಬರುತ್ತದೆ. ತಳದಲ್ಲಿ ಕೊಳೆತು ಕರಗಿದ ನೈಟ್ರೇಟ್, ಫಾಸ್ಫೇಟುಗಳನ್ನು ಹೊತ್ತು ತರುವ ಆ ನೀರಿಗೆ ಬಿಸಿಲು ತಾಗಿದೊಡನೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಬೂತಾಯಿ ತನ್ನ ಕಿವಿರಿನ ಜರಡಿಯಲ್ಲಿ ಇವನ್ನೇ ಸೋಸಿ ತಿಂದು ಕೊಬ್ಬು ಕಟ್ಟಿಕೊಳ್ಳುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್ ಹೇರಳವಾಗಿರುವ ವರ್ಷ ಬೂತಾಯಿಯೂ ಹೇರಳ ಎಂದು ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ 1955ರಲ್ಲಿ ತೋರಿಸಿಕೊಟ್ಟರು. ಮೀನನ್ನು ಹುಡುಕುವ ಮುನ್ನ ಅದರ ನೀರನ್ನು ನೋಡಿ ಎಂಬ ಪಾಠವನ್ನು ನಮ್ಮವರೇ ಎಪ್ಪತ್ತು ವರ್ಷಗಳ ಹಿಂದೆ ಹೇಳಿಕೊಟ್ಟಿದ್ದರು.

ಆದರೆ ಅನ್ನ ತರುವ ಇದೇ ನೀರು ಅತಿಯಾದರೆ ಉಸಿರು ಕಟ್ಟಿಸುತ್ತದೆ. ಆಳದಿಂದ ಏರುವ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ತೀರಾ ಕಡಿಮೆ. 1950ರ ದಶಕದ ಕೊನೆಯಲ್ಲಿ ಕೊಚ್ಚಿಯಲ್ಲಿದ್ದು ಅಧ್ಯಯನ ನಡೆಸಿದ ಜರ್ಮನಿಯ ಕಾರ್ಲ್ ಬಾನ್ಸೆ, ಈ ಉಸಿರಿಲ್ಲದ ನೀರು ತಳವನ್ನು ಆವರಿಸಿದಾಗ ತಳದ ಮೀನುಗಳು ಜಾಗ ಬಿಟ್ಟು ಓಡುವುದನ್ನು ದಾಖಲಿಸಿದರು. ಈ ಮೇಲೇರಿಕೆ ಅವಧಿಗೆ ಮುನ್ನವೇ ಜೋರಾಗಿ ಶುರುವಾದರೆ ಮೊಟ್ಟೆಯಿಡಲು ದಡದ ಕಡೆಗೆ ಬರುವ ಬೂತಾಯಿಗಳಿಗೆ ಅದು ಅಡ್ಡಗೋಡೆಯಾಗಿ, ಆ ವರ್ಷದ ಮರಿಗಳ ಸಂಖ್ಯೆ ಕುಸಿಯಬಹುದು ಎಂದು ಅಲನ್ ಲಾಂಗ್‌ಹರ್ಸ್ಟ್ ಮತ್ತು ವಾರೆನ್ ವೂಸ್ಟರ್ 1990ರಲ್ಲಿ ಕೊಚ್ಚಿಯ ಸಮುದ್ರಮಟ್ಟದ ಹಳೆಯ ದಾಖಲೆಗಳನ್ನು ಆಧರಿಸಿ ವಾದಿಸಿದರು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ಕಳವಳದ ಸಂಗತಿಯನ್ನು ಹೊರಗಿಟ್ಟಿತು. ಭಾರತದ ಪಶ್ಚಿಮ ಕರಾವಳಿಯ ತೀರದಾಚೆಯ ಕಡಲಲ್ಲಿ ಆಮ್ಲಜನಕದ ಕೊರತೆ ಹಿಂದಿಗಿಂತ ತೀವ್ರವಾಗುತ್ತಿದೆ, ನೆಲದಿಂದ ಹರಿದುಬರುವ ಗೊಬ್ಬರದ ಅಂಶಗಳಿಗೂ ಇದರಲ್ಲಿ ಪಾಲಿರಬಹುದು ಎಂಬುದು ಅದರ ಸಾರ. ಇದರ ಜೊತೆಗೆ ಕಡಲು ಬಿಸಿಯೂ ಆಗುತ್ತಿದೆ. 1985ರವರೆಗೆ ಬೂತಾಯಿ ಹೆಚ್ಚುಕಡಿಮೆ ಕೇರಳ ಮತ್ತು ದಕ್ಷಿಣ ಕರ್ನಾಟಕದ ಕಡಲಿನ ಮೀನಾಗಿತ್ತು, ಆಮೇಲೆ ಅದು ಮಹಾರಾಷ್ಟ್ರ, ಗುಜರಾತಿನ ಕಡೆಗೂ ಪೂರ್ವ ಕರಾವಳಿಗೂ ಹಬ್ಬಿತು. ಬಂಗುಡೆ ಮೇಲ್ನೀರಿನ ಮೀನಾದರೂ ಈಗ ತಳದ ಟ್ರಾಲ್ ಬಲೆಗಳಲ್ಲಿ ಮೊದಲಿಗಿಂತ ಹೆಚ್ಚು ಸಿಗುತ್ತಿದೆ, ಏಕೆಂದರೆ ತಂಪು ಹುಡುಕಿ ಅದು ಕೆಳಗಿಳಿಯುತ್ತಿದೆ. ಇ. ವಿವೇಕಾನಂದನ್ ಮತ್ತು ಸಹೋದ್ಯೋಗಿಗಳು ಇವನ್ನೆಲ್ಲ ದಶಕಗಳ ಅಂಕಿ ಅಂಶಗಳಿಂದ ತೋರಿಸಿದ್ದಾರೆ. ನೆಲೆ ಸರಿದಾಗ ಮೀನೂ ಸರಿಯುತ್ತದೆ, ನಿಂತ ಜಾಗದಲ್ಲೇ ಬಲೆ ಬೀಸುವವನ ಪಾಲಿಗೆ ಅದು ಮತ್ಸ್ಯಕ್ಷಾಮವಾಗುತ್ತದೆ.

ಇದು ತೆರೆದ ಕಡಲಿನ ಕಥೆಯಾಯಿತು. ಗಾಳಿ, ಪ್ರವಾಹಗಳನ್ನು ನಾವು ತಿದ್ದಲಾರೆವು. ಆದರೆ ಮೀನಿನ ಇನ್ನೊಂದು ನೆಲೆ ನಮ್ಮ ಕೈಯಳತೆಯಲ್ಲೇ ಇದೆ. ಅದು ನದಿ ಕಡಲು ಸೇರುವ ಅಳಿವೆ. ಬಿಳಿ ಸಿಗಡಿ ಮೊಟ್ಟೆ ಇಡುವುದು ಕಡಲಲ್ಲಿ, ಅದರ ಎಳೆಮರಿಗಳು ಉಬ್ಬರದ ನೀರಿನೊಂದಿಗೆ ಅಳಿವೆಯೊಳಕ್ಕೆ ಬಂದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಕೆಸರುಬಯಲಲ್ಲಿ ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಇಂಥ ಹತ್ತು ಹಲವು ಜಾತಿಯ ಮೀನು, ಏಡಿಗಳಿಗೆ ಬಾಲ್ಯ ಕಳೆಯಲು ಅಳಿವೆಯೇ ಆಸರೆ. ಅಳಿವೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ, ಉತ್ತರ ಕನ್ನಡದ ಎರಡು ನೆರೆಯ ನದಿಗಳನ್ನು ನೋಡಿದರೆ ಸಾಕು. ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ತುಂಬಿ, ಬೇಸಿಗೆಯಲ್ಲಿ ಉಪ್ಪುನೀರು ಮೇಲೇರಿ, ಋತುಮಾನದ ಲಯ ಅಲ್ಲಿ ಹಾಗೆಯೇ ಉಳಿದಿದೆ. ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ನೂರಾರು ಕುಟುಂಬಗಳು ಬದುಕುತ್ತವೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಗಳ ಪಟ್ಟಿ ಸೇರಿತು. ಅದರ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ, ಹಾಗಾಗಿ ಉಪ್ಪುನೀರು ಮೇಲೇರಲು ಎಡೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಈ ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದಾಗ ಶರಾವತಿಯಲ್ಲಿ ನೀರಿನ ಉಪ್ಪಿನಂಶ ಕುಸಿದದ್ದೂ, ಉಪ್ಪನ್ನೇ ನಂಬಿದ ಬಳಚು ಬಹುತೇಕ ಇಲ್ಲವಾದದ್ದೂ ಕಂಡುಬಂತು. ಎರಡೂ ಒಂದೇ ಜಿಲ್ಲೆಯ ನದಿಗಳು, ಒಂದೇ ಮಳೆ, ಒಂದೇ ಕಡಲು. ಶರಾವತಿಯ ಬಳಚನ್ನು ಯಾವ ಟ್ರಾಲ್ ಬೋಟೂ ಬಳಿದೊಯ್ಯಲಿಲ್ಲ, ಯಾವ ಪರ್ಸೀನ್ ಬಲೆಯೂ ಅದನ್ನು ಸುತ್ತುವರಿಯಲಿಲ್ಲ. ನೆಲೆ ಬದಲಾದದ್ದೇ ಅದಕ್ಕೆ ಮುಳುವಾಯಿತು.

ಮೂರನೆಯ ನೆಲೆ ಕಡಲಿನ ತಳ. ಕಣ್ಣಿಗೆ ಬೀಳದ ಕಾರಣ ಅದರ ಬಗ್ಗೆ ಮಾತು ಕಡಿಮೆ. ಟ್ರಾಲ್ ಬಲೆ ತಳವನ್ನು ಸವರಿಕೊಂಡೇ ಸಾಗುತ್ತದೆ. ಅಲ್ಲಿನ ಹುಳುಗಳು, ಚಿಪ್ಪುಜೀವಿಗಳು, ಸ್ಪಂಜುಗಳು, ಮರಿಮೀನುಗಳು ಅಡಗುವ ಏರುತಗ್ಗುಗಳೆಲ್ಲ ಅದಕ್ಕೆ ಸಿಕ್ಕಿ ಸಮತಟ್ಟಾಗುತ್ತವೆ. ಬಲೆಯ ಕಣ್ಣು ಚಿಕ್ಕದಾದಷ್ಟೂ ಮಾರುಕಟ್ಟೆಗೆ ಬೇಡವಾದ ಮರಿಗಳು ರಾಶಿ ಬರುತ್ತವೆ. ಹಿಂದೆ ಇವನ್ನು ಕಡಲಿಗೇ ಎಸೆಯುತ್ತಿದ್ದರು. ಮೀನಿನ ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳು ಹೆಚ್ಚಿದ ಮೇಲೆ ಅವುಗಳಿಗೂ ಬೆಲೆ ಬಂತು, ಬೆಲೆ ಬಂದ ಮೇಲೆ ಅವನ್ನು ಹಿಡಿಯುವುದೂ ಹೆಚ್ಚಿತು. ಇದು ಮುಂದಿನ ಸಾಲಿಗೆಂದು ಎತ್ತಿಟ್ಟ ಬಿತ್ತನೆ ಬೀಜವನ್ನು ಕೋಳಿಗೆ ಕಾಳಾಗಿ ಹಾಕಿದಂತೆ. ಬಲೆಯ ತುದಿಚೀಲದಲ್ಲಿ 35 ಮಿಲಿಮೀಟರಿನ ಚೌಕ ಕಣ್ಣು ಇರಲಿ ಎಂದು ತಜ್ಞರು ಹೇಳುವುದು ಇದಕ್ಕೇ. ಸಾಮಾನ್ಯ ಬಲೆಯ ವಜ್ರಾಕಾರದ ಕಣ್ಣು ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುವುದರಿಂದ ಮರಿಗಳು ಜಾರಿ ಹೋಗಲು ದಾರಿ ಸಿಗುತ್ತದೆ.

ಇಷ್ಟನ್ನು ಕೇಳಿದವರು ಎತ್ತುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬೂತಾಯಿಯ ಏರಿಳಿತ ಗಾಳಿ, ನೀರಿನ ಆಟವಾದರೆ ಮನುಷ್ಯನ ಮೇಲೆ ಕಟ್ಟುಪಾಡು ಹೇರಿ ಪ್ರಯೋಜನವೇನು? ಇತಿಹಾಸವೂ ಈ ಪ್ರಶ್ನೆಯ ಪರವಾಗಿದೆ. ಯಂತ್ರದ ಬೋಟುಗಳಿಲ್ಲದ 1940ರ ದಶಕದಲ್ಲೂ ಬೂತಾಯಿ ಮಲಬಾರ್ ಕರಾವಳಿಯಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಮದ್ರಾಸ್ ಸರ್ಕಾರ 1943ರಲ್ಲಿ ಬಲೆಗಳ ಮೇಲೆ ನಿರ್ಬಂಧ ಹೇರಿತು, ಫಲ ಕಾಣದೆ ಕೆಲವೇ ವರ್ಷಗಳಲ್ಲಿ ಹಿಂತೆಗೆಯಿತು. 2022ರಲ್ಲಿ ಮೀನು ತಾನಾಗಿ ಮರಳಿ ಬಂತಲ್ಲ ಎಂಬುದೂ ಇದೇ ವಾದದ ಇನ್ನೊಂದು ಮುಖ. ಆದರೆ ಇದರಿಂದ ಹೊರಡುವ ತೀರ್ಮಾನ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬೇರೆ. ನಿಸರ್ಗ ಒಳ್ಳೆಯ ವರ್ಷವನ್ನು ಕೊಟ್ಟಾಗ ಅದನ್ನು ಮೀನಾಗಿ ಮಾರ್ಪಡಿಸಲು ತಾಯಿಮೀನುಗಳು ಉಳಿದಿರಬೇಕು. ಮೂರು ವರ್ಷ ಬಾಳುವ ಮೀನಿನಲ್ಲಿ ಎರಡು ಕೆಟ್ಟ ವರ್ಷಗಳ ಜೊತೆಗೆ ವಿಪರೀತ ಹಿಡಿಗೆಯೂ ಸೇರಿದರೆ ಮೊಟ್ಟೆಯಿಡುವ ತಲೆಮಾರು ಬಹಳ ತೆಳ್ಳಗಾಗುತ್ತದೆ. ವಿ. ಕೃಪಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈಚಿನ ಕುಸಿತಕ್ಕೆ ಕಂಡ ಕಾರಣ ಇದೇ ಬಗೆಯದು. 2012ಕ್ಕೆ ಮುಂಚಿನ ಅತಿಯಾದ ಹಿಡಿಗೆ ಮತ್ತು ಬದಲಾದ ಹವಾಮಾನ ಎರಡೂ ಒಟ್ಟಿಗೆ ಕೂಡಿದ್ದವು. 1940ರ ದಶಕದ ದೋಣಿ ಮತ್ತು ಕೈಬಲೆಗಳಿಗೂ ಇಂದಿನ ಎಂಜಿನ್, ಎಕೋ ಸೌಂಡರ್, ಪರ್ಸೀನ್‌ಗಳಿಗೂ ಅಜಗಜಾಂತರ. ನಮ್ಮ ರಂಪಣಿ ಬಲೆ ದಡಕ್ಕೆ ಬಂದ ಮೀನನ್ನು ಮಾತ್ರ ಹಿಡಿಯುತ್ತಿತ್ತು. 1970ರ ದಶಕದ ಕೊನೆಯಲ್ಲಿ ಅದರ ಜಾಗಕ್ಕೆ ಬಂದ ಪರ್ಸೀನ್ ಮೀನು ಇರುವಲ್ಲಿಗೇ ಹೋಗಿ ಇಡೀ ಹಿಂಡನ್ನು ಸುತ್ತುತ್ತದೆ. ಹೀಗೆ ಉಳಿದ ಕೊನೆಯ ಹಿಂಡನ್ನೂ ಹುಡುಕಿ ಹಿಡಿಯಬಲ್ಲ ಶಕ್ತಿ ಬಂದ ಮೇಲೆ, ಹಿಂದೊಮ್ಮೆ ಮೀನು ತಾನಾಗಿ ಮರಳಿತ್ತು ಎಂಬುದು ಮುಂದಕ್ಕೆ ಭರವಸೆಯಾಗಲಾರದು. ಕಡಲು ಚಂಚಲವಾದಷ್ಟೂ ನಮ್ಮ ಕೈ ಬಿಗಿಯಾಗಿರಬೇಕು.

ಮಳೆಗಾಲದ ರಜೆ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಇದು ಬೇಕಾದದ್ದೇ, ಇದನ್ನು ಸಡಿಲಿಸುವ ಮಾತೇ ಬೇಡ. ಆದರೆ ಬೂತಾಯಿಯ ಸಂತಾನಕಾಲ ಜುಲೈಗೆ ಮುಗಿಯುವುದಿಲ್ಲ, ಸೆಪ್ಟೆಂಬರಿನವರೆಗೂ ನಡೆಯುತ್ತದೆ. ರಜೆಯಲ್ಲಿ ಉಳಿಸಿದ ಮರಿಗಳನ್ನು ಆಗಸ್ಟ್, ಸೆಪ್ಟೆಂಬರಿನಲ್ಲೇ ಬಾಚಿಕೊಂಡರೆ ಎರಡು ತಿಂಗಳ ತ್ಯಾಗ ನೀರುಪಾಲು. ಕೇರಳ 2015ರಲ್ಲಿ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ನಿಗದಿ ಮಾಡಿತು. ಅಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಇವು ಸರಿಯಾದ ಹೆಜ್ಜೆಗಳೇ. ಆದರೂ ಇವೆಲ್ಲ ಬಲೆಯ ಕಟ್ಟುಪಾಡುಗಳು. ಅಳಿವೆಯ ಉಪ್ಪು, ಕಾಂಡ್ಲಾ ಕಾಡು, ಕಡಲತಳ, ನದಿ ತರುವ ಕೊಳೆ ಇವುಗಳ ಬಗ್ಗೆ ಕ್ಯಾಲೆಂಡರಿನ ರಜೆ ಏನನ್ನೂ ಹೇಳುವುದಿಲ್ಲ.

ಮೂರನೆಯದು ಹೊಟ್ಟೆಪಾಡಿನ ಪ್ರಶ್ನೆ. ಸಾಲದ ಬೋಟು, ಏರುವ ಡೀಸೆಲ್ ದರ, ಬರಿಗೈಯಲ್ಲಿ ಮರಳುವ ದಿನಗಳ ನಡುವೆ ಇರುವ ಮೊಗವೀರ, ಖಾರ್ವಿ, ಹರಿಕಂತ್ರ ಕುಟುಂಬಗಳಿಗೆ ಇನ್ನೊಂದು ನಿಯಮವನ್ನು ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ ಎನ್ನುವವರಿದ್ದಾರೆ. ಈ ಕಾಳಜಿ ನಿಜವಾದದ್ದು. ಆದರೆ ನೆಲೆಯ ಲೆಕ್ಕ ಇಡಬೇಕೆಂಬ ವಾದ ಮೀನುಗಾರರ ಮೇಲಿನ ದೂರು ಅಲ್ಲ, ಅವರ ಪರವಾದ ಸಾಕ್ಷಿ. ಬಲೆಯೊಂದನ್ನೇ ನೋಡಿದರೆ ಕಡಲಿನ ಎಲ್ಲ ಕೇಡಿಗೂ ಬಲೆ ಹಿಡಿದವನೇ ಹೊಣೆಯಾಗುತ್ತಾನೆ. ನೆಲೆಯನ್ನು ನೋಡಿದಾಗ ಹೊಣೆ ಹಂಚಿಹೋಗುತ್ತದೆ. ಅಳಿವೆಯಲ್ಲಿ ಮರಳು ತೋಡಿದವರು, ಕಾಂಡ್ಲಾ ಕಡಿದು ದಂಡೆ ತುಂಬಿದವರು, ಕೊಳಚೆಯನ್ನು ಹೊಳೆಗೆ ಬಿಟ್ಟ ಪಟ್ಟಣಗಳು, ನೀರಿನ ಲಯ ಬದಲಿಸಿದ ಯೋಜನೆಗಳು, ಇವರಾರೂ ಮಳೆಗಾಲದ ರಜೆಯಲ್ಲಿ ಕೂಲಿ ಕಳೆದುಕೊಳ್ಳುವುದಿಲ್ಲ. ಬೆಲೆ ತೆರುವವನು ಮೀನುಗಾರ ಒಬ್ಬನೇ. ಮರಿಮೀನು ಹಿಡಿಯಬೇಡ ಎಂದು ಅವನಿಗೆ ಹೇಳುವ ಸರ್ಕಾರ, ಆ ಮರಿ ಬೆಳೆಯಬೇಕಾದ ಅಳಿವೆಯನ್ನು ಉಳಿಸಿಕೊಡುವ ಹೊಣೆಯನ್ನೂ ಹೊರಬೇಕು. ಹಾಗೆ ಎರಡೂ ಕಡೆಯಿಂದ ಪಾಲಿಸುವ ನಿಯಮಕ್ಕೆ ಮಾತ್ರ ದಕ್ಕೆಯಲ್ಲಿ ಮರ್ಯಾದೆ ಸಿಗುತ್ತದೆ.

ನಾಡಿಗೆ ವಿದ್ಯುತ್ತೂ ಬೇಕಲ್ಲವೇ, ಮೀನು ಬೇಕಿದ್ದರೆ ಸಾಕಿಕೊಳ್ಳಬಹುದಲ್ಲವೇ ಎಂಬ ಮಾತುಗಳೂ ಉಂಟು. ಲಿಂಗನಮಕ್ಕಿಯ ವಿದ್ಯುತ್ತಿನಿಂದ ಕರ್ನಾಟಕ ಬೆಳಗಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅಣೆಕಟ್ಟು ಇರುವಲ್ಲಿಯೂ ನೀರು ಬಿಡುವ ವೇಳಾಪಟ್ಟಿಯಲ್ಲಿ ಅಳಿವೆಯ ಅಗತ್ಯಕ್ಕೆ ಒಂದು ಸಾಲು ಇರಬಹುದು. ಹೊಸ ಯೋಜನೆಗಳ ಲಾಭನಷ್ಟದ ಪಟ್ಟಿಯಲ್ಲಿ ಕೆಳಗಿನ ಬಳಚು, ಸಿಗಡಿ, ಮೀನಿನ ಆದಾಯವೂ ಸೇರಬಹುದು. ಈವರೆಗೆ ಆ ನಷ್ಟವನ್ನು ಯಾರೂ ಪಟ್ಟಿಗೇ ತರದ ಕಾರಣ ಅದು ಇಲ್ಲವೆಂದೇ ಭಾವಿಸಲಾಯಿತು. ಇನ್ನು ಸಾಕಣೆಯ ವಿಷಯ. ಬಳಚು, ನೀಲಿಕಲ್ಲಿನಂಥ ಚಿಪ್ಪುಜೀವಿಗಳ ಕೃಷಿ ನಿಜಕ್ಕೂ ಒಳ್ಳೆಯ ದಾರಿ, ಅವು ನೀರಿನಲ್ಲಿರುವುದನ್ನೇ ಸೋಸಿ ತಿಂದು ಬೆಳೆಯುತ್ತವೆ. ಆದರೆ ಸಿಗಡಿಗೂ ಮಾಂಸಾಹಾರಿ ಮೀನುಗಳಿಗೂ ಹಾಕುವ ಆಹಾರದಲ್ಲಿ ಮೀನಿನ ಹಿಟ್ಟು ಸೇರಿದೆ, ಆ ಹಿಟ್ಟು ಬರುವುದು ಬೂತಾಯಿಯಂಥ ಮೀನುಗಳಿಂದ ಮತ್ತು ಟ್ರಾಲ್ ಬಲೆಯ ಮರಿಗಳಿಂದ. ಕಡಲು ಬರಿದಾದರೆ ಸಾಕಣೆಯ ಕೊಳವೂ ಹಸಿಯುತ್ತದೆ. ಚಿಪ್ಪುಜೀವಿಗಳ ಕೃಷಿಗಾದರೂ ಅಳಿವೆಯ ನೀರು ಚೊಕ್ಕಟವಾಗಿರಬೇಕು. ಎತ್ತ ಹೋದರೂ ನೆಲೆಯ ಪ್ರಶ್ನೆ ತಪ್ಪಿದ್ದಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೊಸ ವಿಜ್ಞಾನಕ್ಕಾಗಿ ಕಾಯಬೇಕಿಲ್ಲ, ಇರುವುದನ್ನು ಬಳಸಿದರೆ ಸಾಕು. ದಕ್ಕೆಗಳಲ್ಲಿ ವರ್ಷವಿಡೀ ಮಾದರಿ ತೆಗೆದು ಮೀನಿನ ಲೆಕ್ಕ ಇಡುವ ವ್ಯವಸ್ಥೆ ದೇಶದಲ್ಲಿ ದಶಕಗಳಿಂದ ನಡೆದಿದೆ. ಅದರ ಪಕ್ಕದಲ್ಲೇ ಕಾಳಿಯಿಂದ ನೇತ್ರಾವತಿಯವರೆಗಿನ ಅಳಿವೆಗಳ ಉಪ್ಪು, ಆಮ್ಲಜನಕ, ಕಾಂಡ್ಲಾ, ಮರಿಗಳ ಸ್ಥಿತಿಯ ವರದಿಯೂ ಪ್ರತಿವರ್ಷ ಜನರ ಮುಂದೆ ಬರಬೇಕು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಉಪಗ್ರಹದಿಂದ ನೀರಿನ ಬಿಸಿಯನ್ನೂ ಹಸಿರನ್ನೂ ಅಳೆದು ಇಂದು ಮೀನು ಎಲ್ಲಿ ಸಿಗಬಹುದು ಎಂದು ಬೋಟಿನವರಿಗೆ ಸೂಚನೆ ಕಳಿಸುತ್ತದೆ. ಅದೇ ಉಪಗ್ರಹದ ಅದೇ ಅಂಕಿ ಅಂಶಗಳಿಂದ ಈ ವರ್ಷ ಮುಂಗಾರಿನ ನೀರು ಬೂತಾಯಿಗೆ ಒಲಿದಿದೆಯೋ ಮುನಿದಿದೆಯೋ ಎಂಬ ಅಂದಾಜನ್ನೂ ಕೊಡಲು ಸಾಧ್ಯ. ಕೆಟ್ಟ ವರ್ಷದ ಮುನ್ಸೂಚನೆ ಸಿಕ್ಕಾಗ ಆಗಸ್ಟಿನ ಹಿಡಿಗೆಗೆ ಮಿತಿ ಹಾಕಿ, ಆ ದಿನಗಳ ನಷ್ಟವನ್ನು ಮೀನುಗಾರರಿಗೆ ತುಂಬಿಕೊಡುವ ನಿಧಿಯೊಂದನ್ನು ಕಟ್ಟಬಹುದು. ಈವರೆಗೆ ನಮ್ಮ ವಿಜ್ಞಾನವನ್ನು ಬಲೆ ಎಲ್ಲಿ ಬೀಸಬೇಕೆಂದು ಕೇಳುವುದಕ್ಕೇ ಹೆಚ್ಚಾಗಿ ಬಳಸಿಕೊಂಡಿದ್ದೇವೆ. ಬಲೆಯನ್ನು ಯಾವಾಗ ತಡೆಹಿಡಿಯಬೇಕು, ಮೀನು ಬೆಳೆಯುವ ಜಾಗವನ್ನು ಯಾರಿಂದ ಕಾಯಬೇಕು ಎಂದೂ ಅದು ಹೇಳುತ್ತಲೇ ಬಂದಿದೆ. ಆ ಮಾತು ಸಂಶೋಧನಾ ವರದಿಗಳಿಂದ ಹೊರಬಂದು ಮೀನುಗಾರಿಕಾ ಇಲಾಖೆಯ ಆದೇಶದಲ್ಲೂ, ನೀರಾವರಿ ಮತ್ತು ವಿದ್ಯುತ್ ಇಲಾಖೆಗಳ ಕಡತದಲ್ಲೂ ಜಾಗ ಪಡೆದ ದಿನ ಕರಾವಳಿಯ ಮೀನುಗಾರಿಕೆ ಅದೃಷ್ಟದ ಆಟವಾಗಿ ಉಳಿಯದೆ ನೆಮ್ಮದಿಯ ಕಸುಬಾಗಬಲ್ಲದು.